ಮಗುವಿನೊಡನೆ ಮನೆಯೂ ಶಾಲೆಗೆ – ಸ್ವಯಂಕಲಿಕೆಯ ಶಾಲೆ: ಒಂದು ವಿವೇಚನೆ

ಸಂಸ್ಕೃತದಲ್ಲಿ ‘ಶಿಕ್ಷಾ’ ಎಂಬ ಶಬ್ದಕ್ಕೆ ಕಲಿಕೆಯೆಂದೇ ಅರ್ಥ. ವಿದ್ಯೆಯನ್ನು ಸಂಪಾದಿಸುವುದು ಎಂಬರ್ಥದ ಧಾತುವಿನಿಂದ ಅದು ಹುಟ್ಟಿತು. ಆರು ವೇದಾಂಗಗಳಲ್ಲಿ ಉಚ್ಚಾರಣಶಾಸ್ತ್ರಕ್ಕೂ ಇದೇ ಹೆಸರು ಸಂದಿದೆ. ಆ ಶಬ್ದ ಕನ್ನಡಕ್ಕೆ ಬಂದಾಗ ಅದರ ಸಂತಾನದಲ್ಲಿ ಒಡಕುಂಟಾಯಿತು. ‘ಶಿಕ್ಷಣ’, ‘ಶಿಕ್ಷಕ’ ಎಂಬ ರೂಪಗಳು ಮೂಲಾರ್ಥವನ್ನು ಉಳಿಸಿಕೊಂಡವು. ‘ಶಿಕ್ಷೆ’ ಮಾತ್ರ ದಂಡನೆಯಾಗಿ ನಿಂತಿತು. ಕಲಿಸುವುದೆಂದರೆ ದಂಡಿಸುವುದು ಎಂಬ ಭಾವನೆ ಶತಮಾನಗಳ ಕಾಲ ಜನಮನದಲ್ಲಿ ಬೇರೂರದೆ ಒಂದು ಶಬ್ದದ ಅರ್ಥ ಹೀಗೆ ಪಲ್ಲಟಗೊಳ್ಳಲಾರದು. ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂಬ ಮಾತು ವಿಜಯಪುರ ಸೀಮೆಯ ಹಿರಿಯರ ನಾಲಗೆಯ ಮೇಲೆ ಇಂದಿಗೂ ಇದೆ.

ಈ ಭಾವನೆಗೆ ಎದುರಾಗಿ ಲೋಕದ ಹಲವೆಡೆ ಇನ್ನೊಂದು ಬಗೆಯ ಶಾಲೆಗಳು ಹುಟ್ಟಿಕೊಂಡವು. ಏನನ್ನು, ಯಾವಾಗ, ಎಷ್ಟು ವೇಗದಲ್ಲಿ ಕಲಿಯಬೇಕೆಂಬುದರಲ್ಲಿ ಮಗುವಿಗೆ ಪಾಲಿರಬೇಕು. ಶಾಲೆಯ ಕಟ್ಟುಪಾಡುಗಳನ್ನು ರಚಿಸುವಲ್ಲಿ ಮಕ್ಕಳಿಗೂ ಮಾತಿರಬೇಕು ಎಂಬುದು ಅವುಗಳ ತತ್ತ್ವ. ಇಂಥ ಶಾಲೆಯ ಗುಣದೋಷಗಳನ್ನು ಕುರಿತು ಪಂಡಿತರು ಬಹಳ ಬರೆದಿದ್ದಾರೆ. ಆದರೆ ಅಂಥ ಶಾಲೆಗೆ ಮೊದಲ ಬಾರಿಗೆ ಮಗುವನ್ನು ಕಳುಹಿಸುವ ಮನೆತನದ ಪಾಡೇನು, ಅದರ ಹೊಣೆಯೇನು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪ್ರಕೃತ ಲೇಖನದ ವಿಷಯ ಅದು.

ಪೂರ್ವೇತಿಹಾಸ

ರಷ್ಯದ ಲೇಖಕ ಟಾಲ್‌ಸ್ಟಾಯ್ 1859ರಲ್ಲಿ ತನ್ನ ಹಳ್ಳಿ ಯಾಸ್ನಾಯ ಪೋಲ್ಯಾನದಲ್ಲಿ ರೈತರ ಮಕ್ಕಳಿಗಾಗಿ ಶಾಲೆ ತೆರೆದನು. ಅಲ್ಲಿ ಬರುವುದೂ ಹೋಗುವುದೂ ಮಕ್ಕಳ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ನಮ್ಮ ದೇಶದಲ್ಲಿ ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ಮರಗಳ ನೆಳಲಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಡನೆ ತಮ್ಮ ವಿದ್ಯಾಲಯವನ್ನು ಆರಂಭಿಸಿದರು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ ಗಿಜುಭಾಯಿ ಬಧೇಕಾ ಅವರು ಬೆತ್ತವನ್ನೂ ಬಾಯಿಪಾಠವನ್ನೂ ಹೊರಗಿಟ್ಟು ಕಥೆಯಿಂದ, ಆಟದಿಂದ ಪಾಠ ನಡೆಯಿಸಬಹುದೆಂದು ತೋರಿಸಿದರು. ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ 1930ರ ದಶಕದಲ್ಲಿಯೇ ಮಕ್ಕಳ ಸ್ವತಂತ್ರ ಶಿಕ್ಷಣದ ಪ್ರಯೋಗಕ್ಕೆ ಕೈಹಾಕಿದ್ದರು.

ಈ ಪಂಥದ ಅತ್ಯಂತ ಪ್ರಖ್ಯಾತ ಶಾಲೆ ಎ. ಎಸ್. ನೀಲ್ ಎಂಬ ಶಿಕ್ಷಕನು 1921ರಲ್ಲಿ ಆರಂಭಿಸಿ, ಮುಂದೆ ಇಂಗ್ಲೆಂಡಿನ ಸಫೊಕ್ ಪ್ರಾಂತದಲ್ಲಿ ನೆಲೆಗೊಳಿಸಿದ ಸಮ್ಮರ್‌ಹಿಲ್. ಅಲ್ಲಿ ತರಗತಿಗೆ ಹೋಗಲೇಬೇಕೆಂಬ ನಿರ್ಬಂಧವಿಲ್ಲ. ಶಾಲೆಯ ನಿಯಮಗಳು ಸಭೆಯಲ್ಲಿ ಮತದಿಂದ ತೀರ್ಮಾನವಾಗುತ್ತವೆ. ಆರು ವರ್ಷದ ಮಗುವಿನ ಮತಕ್ಕೂ ಮುಖ್ಯೋಪಾಧ್ಯಾಯನ ಮತಕ್ಕೂ ಒಂದೇ ತೂಕ. 1968ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸ್ಥಾಪಿತವಾದ ಸಡ್ಬರಿ ವ್ಯಾಲಿ ಶಾಲೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಶಿಕ್ಷಕರನ್ನೇ ವರ್ಷಕ್ಕೊಮ್ಮೆ ಸಭೆಯ ಮತದಿಂದ ಆಯ್ಕೆಮಾಡುವ ಪದ್ಧತಿಯನ್ನು ತಂದಿತು.

ನೀಲ್ ತನ್ನ ಅನುಭವದಿಂದ ಬರೆದ ಒಂದು ಸಂಗತಿ ಹೊಸ ಕುಟುಂಬಗಳಿಗೆ ವಿಶೇಷವಾಗಿ ಮನನೀಯವಾದುದು. ಕಟ್ಟುನಿಟ್ಟಿನ ಶಾಲೆಗಳಿಂದ ಬಂದ ಮಕ್ಕಳು ಮೊದಮೊದಲು ಪಾಠದ ಮುಖವನ್ನೇ ನೋಡುತ್ತಿರಲಿಲ್ಲ. ಪಾಠದ ಮೇಲಿನ ಈ ಜಿಗುಪ್ಸೆ ಕಳೆಯಲು ಸರಾಸರಿ ಮೂರು ತಿಂಗಳು ಬೇಕಾಗುತ್ತಿತ್ತು. ಒಬ್ಬ ಹುಡುಗಿಗೆ ಮೂರು ವರ್ಷಗಳೇ ಹಿಡಿದವು. ಆ ಅವಧಿಯಲ್ಲಿ ಅವಳ ತಾಯಿತಂದೆಗಳ ಮನಸ್ಸು ಹೇಗೆ ಹೊಯ್ದಾಡಿರಬೇಕೆಂಬುದನ್ನು ಯಾರಾದರೂ ಊಹಿಸಬಹುದು. ಸ್ವಾತಂತ್ರ್ಯದ ಶಾಲೆಯಲ್ಲಿ ಮೊದಲ ಪರೀಕ್ಷೆ ನಡೆಯುವುದು ಮಗುವಿಗಲ್ಲ, ಮನೆಯವರಿಗೆ.

ಕೋಲಾರದ ಗಡಿಯಿಂದ ದೇವರ ಹಿಪ್ಪರಗಿಯವರೆಗೆ

ದೂರದೇಶದ ಈ ಮಾತು ದೇವರ ಹಿಪ್ಪರಗಿಯಂಥ ಊರಿಗೆ ಹೇಗೆ ಸಂಬಂಧಿಸೀತು ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ, ಅದರ ಎಳೆ ಕನ್ನಡ ನಾಡಿನಲ್ಲಿಯೇ ಸಿಗುತ್ತದೆ. ಡೇವಿಡ್ ಹಾರ್ಸ್‌ಬರೋ ಎಂಬ ಆಂಗ್ಲ ಶಿಕ್ಷಣತಜ್ಞರು 1972ರಲ್ಲಿ ಕೋಲಾರ ಜಿಲ್ಲೆಯ ಗಡಿಭಾಗದಲ್ಲಿ ‘ನೀಲಬಾಗ್’ ಎಂಬ ಸಣ್ಣ ಶಾಲೆಯನ್ನು ಕಟ್ಟಿದರು. ಸುತ್ತಲಿನ ಹಳ್ಳಿಗಳ ಬಡವರ ಮಕ್ಕಳೇ ಅಲ್ಲಿ ವಿದ್ಯಾರ್ಥಿಗಳು. ಅಲ್ಲಿ ಪರೀಕ್ಷೆಯಿರಲಿಲ್ಲ, ದಂಡನೆಯಿರಲಿಲ್ಲ, ಬಹುಮಾನವೂ ಇರಲಿಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು ತಮ್ಮ ತಮ್ಮ ವೇಗದಲ್ಲಿ ಭಾಷೆ, ಗಣಿತಗಳನ್ನೂ, ಅವುಗಳ ಜೊತೆಗೆ ಬಡಗಿತನ, ಕುಂಬಾರಿಕೆ, ತೋಟಗಾರಿಕೆಗಳನ್ನೂ ಕಲಿತರು. ಹಾರ್ಸ್‌ಬರೋ 1984ರಲ್ಲಿ ತೀರಿಕೊಂಡರು. ಆದರೆ ಅವರಲ್ಲಿ ತರಬೇತಿ ಪಡೆದವರು ಆ ಕ್ರಮವನ್ನು ಬೇರೆಡೆಗೆ ಕೊಂಡೊಯ್ದರು. ನೆರೆಯ ಆಂಧ್ರದ ಮದನಪಲ್ಲಿಯ ಬಳಿಯಿರುವ ಋಷಿವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರವು ಒಬ್ಬನೇ ಶಿಕ್ಷಕನಿರುವ ಹಳ್ಳಿಶಾಲೆಗಳಿಗಾಗಿ ಕಲಿಕೆಯ ಕಾರ್ಡುಗಳನ್ನೂ ಮೆಟ್ಟಿಲುಗಳನ್ನೂ ರೂಪಿಸಿತು. ಅದನ್ನು ಕಂಡುಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಯ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನೊಡನೆ ‘ನಲಿ-ಕಲಿ’ಯನ್ನು ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆ ವ್ಯಾಪಿಸಿತು. ಹೀಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಶಾಲೆಗಳಿಗೂ ಅದರ ಗಾಳಿ ಬೀಸಿತು.

‘ನಲಿ-ಕಲಿ’ ಎಂಬ ಹೆಸರಿನ ಎರಡೂ ಪದಗಳು ಅಚ್ಚಗನ್ನಡ ಧಾತುಗಳು. ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡಿದೆ. ‘ಕಲಿ’ ಎಂಬುದಕ್ಕೆ ಹಳಗನ್ನಡದಲ್ಲಿ ವೀರನೆಂಬ ಅರ್ಥವೂ ಉಂಟು. ನಲಿವಿನಿಂದ ಕಲಿತವನೇ ಕಲಿಯೆಂದು ಹೇಳಿದರೆ ಶಬ್ದಕ್ಕೆ ಅಪಚಾರವಾಗದು.

ಅಕ್ಷರಕ್ರಮದ ಪ್ರಶ್ನೆ

ನಲಿ-ಕಲಿ ಕೊಠಡಿಗೆ ಮೊದಲ ಬಾರಿ ಇಣುಕಿದ ಪಾಲಕರಿಗೆ ಆಗುವ ದಿಗಿಲು ಸಹಜವಾದುದು. ಸಾಲು ಸಾಲಾಗಿ ಕುಳಿತ ಮಕ್ಕಳಿಲ್ಲ. ನೆಲದ ಮೇಲೆ ಗುಂಪುಗುಂಪಾಗಿ ಕುಳಿತಿದ್ದಾರೆ. ಶಿಕ್ಷಕರೂ ನೆಲದ ಮೇಲೆಯೇ ಇದ್ದಾರೆ. ಒಂದನೆಯ ಇಯತ್ತೆಯವನ ಪಕ್ಕದಲ್ಲಿ ಮೂರನೆಯ ಇಯತ್ತೆಯವಳು. ಸಂಜೆ ಮನೆಯಲ್ಲಿ ಅಜ್ಜಿ, “ಇವತ್ತ ಸಾಲ್ಯಾಗ ಏನ ಕಲಿಸಿದ್ರವಾ?” ಎಂದು ಕೇಳಿದರೆ ಮೊಮ್ಮಗಳು “ಆಡಿದ್ವಿ” ಎನ್ನುತ್ತಾಳೆ. ‘ಅ ಆ ಇ ಈ’ ಹೇಳೆಂದರೆ ಸುಮ್ಮನಾಗುತ್ತಾಳೆ. ಕೂಸು ಕೆಟ್ಟಿತೆಂದು ಮನೆಯವರು ತಿಳಿಯುತ್ತಾರೆ.

ಇಲ್ಲಿ ವರ್ಣಮಾಲೆಯ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕನ್ನಡ ವರ್ಣಮಾಲೆಯ ಪರಂಪರಾಗತ ಕ್ರಮ ಉಚ್ಚಾರಣಸ್ಥಾನಗಳನ್ನು ಅನುಸರಿಸಿದೆ: ಮೊದಲು ಸ್ವರಗಳು, ಆಮೇಲೆ ಕಂಠದಿಂದ ಹೊರಟು ತುಟಿಗೆ ಬರುವ ಐದು ವರ್ಗಗಳು, ಕೊನೆಗೆ ಅವರ್ಗೀಯಗಳು. ಶಾಸ್ತ್ರದೃಷ್ಟಿಯಿಂದ ಇದಕ್ಕಿಂತ ಸುಂದರವಾದ ಜೋಡಣೆ ಇಲ್ಲ. ಆದರೆ ಅದು ವೈಯಾಕರಣನ ಜೋಡಣೆ. ಕೈ ತಿರುಗದ ಐದಾರು ವರ್ಷದ ಮಗುವಿನ ಅನುಕೂಲಕ್ಕಾಗಿ ಮಾಡಿದುದಲ್ಲ. ಆ ಕ್ರಮದಲ್ಲಿ ಹೋದರೆ ‘ಇ’, ‘ಈ’, ‘ಋ’ಗಳ ಸುರುಳಿಗಳನ್ನು ತೀಡಿ ತೀಡಿ, ಕಾಗುಣಿತವನ್ನು ಮುಗಿಸಿ, ತಿಂಗಳುಗಳು ಕಳೆದ ಮೇಲೆ ಮಗುವಿಗೆ ತಾನಾಗಿ ಓದಬಲ್ಲ ಒಂದು ಶಬ್ದ ಸಿಗುತ್ತದೆ.

ನಲಿ-ಕಲಿಯಲ್ಲಿ ಮೊದಲು ಕೊಟ್ಟ ಐದು ಅಕ್ಷರಗಳು ರ, ಗ, ಸ, ದ, ಅ. ಆಕಾರದಲ್ಲಿ ಸರಳವಾದವು, ಬಳಕೆಯಲ್ಲಿ ಹೆಚ್ಚಿನವು. ಅವುಗಳನ್ನು ಕಲಿತ ವಾರದಲ್ಲಿಯೇ ಮಗು ‘ಸರ’, ‘ರಸ’, ‘ದರ’, ‘ಸರಸ’, ‘ಗರಗಸ’ ಎಂದು ತಾನೇ ಕೂಡಿಸಿ ಓದಬಲ್ಲುದು. ‘ಅರಸ’ನೂ ‘ಅಗಸ’ನೂ ಈ ಐದೇ ಅಕ್ಷರಗಳಲ್ಲಿ ಅಡಗಿದ್ದಾರೆ, ಒಂದಕ್ಷರ ಬದಲಾದರೆ ಒಬ್ಬನು ಇನ್ನೊಬ್ಬನಾಗುತ್ತಾನೆ. ಮಡಿವಾಳ ಮಾಚಯ್ಯನ ಊರಾದ ದೇವರ ಹಿಪ್ಪರಗಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಬೇರೆ ಬೇಕಿಲ್ಲ. ಶಾಸ್ತ್ರೀಯ ಕ್ರಮವನ್ನು ಇಲ್ಲಿ ತಳ್ಳಿಹಾಕಿದ್ದಿಲ್ಲ, ಮುಂದಕ್ಕೆ ಇರಿಸಿದ್ದು ಮಾತ್ರ. ಆದ್ದರಿಂದ ಹೊಸ ಪಾಲಕರು ‘ಅ ಆ ಇ ಈ’ ಬರುತ್ತದೆಯೋ ಎಂದು ಕೇಳುವ ಬದಲು, ಅಂಗಡಿಯ ಫಲಕದಲ್ಲಿ ಮಗು ಯಾವ ಅಕ್ಷರವನ್ನು ಗುರುತಿಸುತ್ತದೆ ಎಂದು ನೋಡಬೇಕು.

ನಾಲ್ಕು ಪಾಲಿನ ವಿದ್ಯೆ

ಈ ಕ್ರಮದ ಕೊಠಡಿಯಲ್ಲಿ ಮಕ್ಕಳು ಐದು ಗುಂಪುಗಳಾಗಿ ಕೂಡುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಅವರ ಅಲ್ಪ ನೆರವು. ಮೂರನೆಯದಕ್ಕೆ ಗೆಳೆಯರ ಪೂರ್ಣ ನೆರವು, ನಾಲ್ಕನೆಯದಕ್ಕೆ ಗೆಳೆಯರ ಅಲ್ಪ ನೆರವು. ಐದನೆಯದು ಸ್ವಂತ ಕಲಿಕೆಯ ಗುಂಪು. ಮಗು ತನ್ನ ಕಾರ್ಡಿನ ಚಿಹ್ನೆಯನ್ನು ನೋಡಿ ತಾನೇ ಗುಂಪನ್ನು ಸೇರುತ್ತದೆ. ‘ಕಲಿಕಾ ಏಣಿ’ಯಲ್ಲಿ ತಾನು ಯಾವ ಮೆಟ್ಟಿಲಲ್ಲಿರುವೆನೆಂಬುದು ಅದಕ್ಕೆ ಗೊತ್ತು.

ಇದು ಹೊಸ ವಿದ್ಯೆಯೆಂದು ಭಾವಿಸುವವರು ಪ್ರಾಚೀನ ಸುಭಾಷಿತವೊಂದರ ಅಭಿಪ್ರಾಯವನ್ನು ನೆನೆಯಬೇಕು. ವಿದ್ಯಾರ್ಥಿಯು ಕಾಲುಭಾಗವನ್ನು ಗುರುವಿನಿಂದ, ಕಾಲುಭಾಗವನ್ನು ಸ್ವಬುದ್ಧಿಯಿಂದ, ಕಾಲುಭಾಗವನ್ನು ಸಹಪಾಠಿಗಳಿಂದ, ಉಳಿದ ಕಾಲುಭಾಗವನ್ನು ಕಾಲಕ್ರಮದಿಂದ ಪಡೆಯುತ್ತಾನೆಂಬುದು ಅದರ ತಾತ್ಪರ್ಯ. ಗುರು, ಗೆಳೆಯ, ಸ್ವಬುದ್ಧಿ ಮೂರೂ ಈ ಗುಂಪುಗಳಲ್ಲಿ ಕಾಣುತ್ತವೆ; ಏಣಿಯನ್ನು ತನ್ನ ವೇಗದಲ್ಲಿ ಹತ್ತುವ ಅವಕಾಶವೇ ನಾಲ್ಕನೆಯದಾದ ಕಾಲ. ನಾಲ್ಕೂ ಪಾಲನ್ನು ಗುರುವೊಬ್ಬನೇ ಕೊಡಬೇಕೆಂದು ನಾವು ಹಟಹಿಡಿದುದು ಈಚೆಗೆ. ಕಾಗದ-ಪಾಟಿಗಳಿಲ್ಲದ ಕಾಲದ ಗಾಂವಟಿ ಶಾಲೆಯಲ್ಲಿ ಮರಳ ಮೇಲೆ ಓನಾಮ ತೀಡುತ್ತಿದ್ದ ಕಿರಿಯನಿಗೆ ಹಿರಿಯ ಹುಡುಗನೇ ಹೇಳಿಕೊಡುತ್ತಿದ್ದನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ದೇಶೀಯ ಶಾಲೆಯಲ್ಲಿ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡು, ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವ ಕ್ರಮವನ್ನು ಬೆಳೆಸಿ, ‘ಮದರಾಸು ಪದ್ಧತಿ’ಯೆಂದು ಇಂಗ್ಲೆಂಡಿಗೆ ಒಯ್ದನು. ಆದರೆ ಆ ಹಳೆಯ ಶಾಲೆಯನ್ನು ಬರಿದೇ ಹೊಗಳುವಂತೆಯೂ ಇಲ್ಲ. ವೇಗದಲ್ಲಿ ಸ್ವಾತಂತ್ರ್ಯವಿದ್ದ ಆ ಶಾಲೆಯಲ್ಲಿಯೇ ಹುಡುಗರನ್ನು ಕೋದಂಡಕ್ಕೆ ಏರಿಸುವ ಕ್ರೂರ ದಂಡನೆಯೂ ಇತ್ತು. ಅದರ ಒಳಿತನ್ನು ಮಾತ್ರ ಉಳಿಸಿಕೊಳ್ಳುವುದು ವಿವೇಕ.

ಈ ಸೀಮೆಗೆ ಈ ಕ್ರಮದಿಂದ ಇನ್ನೊಂದು ದೊಡ್ಡ ಉಪಕಾರವಿದೆ. ಮಳೆ ಕೈಕೊಟ್ಟ ವರ್ಷ ವಿಜಯಪುರ ಜಿಲ್ಲೆಯ ಎಷ್ಟೋ ಕುಟುಂಬಗಳು ಮಹಾರಾಷ್ಟ್ರ, ಗೋವೆಗಳಿಗೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ತಿಂಗಳುಗಟ್ಟಲೆ ಕಳೆದು ಮರಳಿ ಬಂದಾಗ, ಪುಟ ಲೆಕ್ಕದಲ್ಲಿ ಪಾಠ ಸಾಗುವ ತರಗತಿಯಲ್ಲಿ ಆ ಮಗು ಅನಾಥ. ತನಗೆ ತಿಳಿಯದ ಪಾಠದ ನಡುವೆ ಕುಳಿತು, ನಾಚಿ, ಕೊನೆಗೆ ಶಾಲೆಯನ್ನೇ ಬಿಡುತ್ತದೆ. ಏಣಿಯ ಕ್ರಮದಲ್ಲಾದರೋ ಅದು ಬಿಟ್ಟ ಮೆಟ್ಟಿಲು ಅದಕ್ಕಾಗಿ ಕಾದಿರುತ್ತದೆ. ಅಲ್ಲಿಂದಲೇ ಮುಂದಿನ ಹೆಜ್ಜೆ. ಶಿಕ್ಷಣತತ್ತ್ವದ ಚರ್ಚೆಯಲ್ಲಿ ಇದು ಸಣ್ಣ ಮಾತೆನಿಸಬಹುದು. ಗುಳೆಯಿಂದ ಮರಳಿದ ಮನೆಯಲ್ಲಿ ಇದೇ ಒಂದು ಮಗುವಿನ ಬಾಳಿನ ಪ್ರಶ್ನೆ.

ಆಕ್ಷೇಪಗಳು

ಈ ಪದ್ಧತಿಯ ಕೊರತೆಗಳನ್ನು ಮುಚ್ಚಿಡಬೇಕಾಗಿಲ್ಲ. ಮೊದಲನೆಯದಾಗಿ, ನಲಿ-ಕಲಿಯ ಏಣಿ ಹಿರಿಯರು ಕಟ್ಟಿದ್ದು. ವೇಗ ಮಗುವಿನದು, ದಾರಿ ಮಗುವಿನದಲ್ಲ. ಸಮ್ಮರ್‌ಹಿಲ್ಲಿನ ಅರ್ಥದಲ್ಲಿ ಇದು ಪೂರ್ಣ ಸ್ವಯಂಕಲಿಕೆಯಾಗದು. ಎರಡನೆಯದಾಗಿ, ಶಿಕ್ಷಕನ ಮನಸ್ಸು ಬದಲಾಗದಿದ್ದರೆ ಕಾರ್ಡುಗಳೂ ಬರಿಯ ರಟ್ಟಿನ ತುಂಡುಗಳು. ಮೂರನೆಯದಾಗಿ, ನಾಲ್ಕನೆಯ ಇಯತ್ತೆಗೆ ಬಂದೊಡನೆ ಮಗು ಏಣಿಯಿಂದ ಇಳಿದು ಎಲ್ಲರೊಡನೆ ಒಂದೇ ಪುಟದಲ್ಲಿ ನಡೆಯಬೇಕಾಗುತ್ತದೆ. ಆ ಸಂಧಿಕಾಲದಲ್ಲಿ ಮನೆಯ ಆಸರೆ ಹೆಚ್ಚು ಬೇಕು.

ಇನ್ನು, ಸ್ವಾತಂತ್ರ್ಯದಿಂದ ಮಕ್ಕಳು ಕೆಡುವರೆಂಬುದು ಎಲ್ಲಕ್ಕಿಂತ ಹಳೆಯ ಆಕ್ಷೇಪ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ಇದಕ್ಕೆ ಆಧಾರವಾಗಿ ಹೇಳುತ್ತಾರೆ. ಗಾದೆ ಸುಳ್ಳಲ್ಲ. ಆದರೆ ಬಗ್ಗುವುದೇ ಗಿಡದ ಧರ್ಮವಲ್ಲ, ಬೆಳೆಯುವುದು ಅದರ ಧರ್ಮ. ಗಿಡಕ್ಕೆ ಊರುಗೋಲು ಕೊಡುವ ತೋಟಗನು ಅದು ಗಾಳಿಗೆ ಮುರಿಯಬಾರದೆಂದು ಕೊಡುತ್ತಾನೆ. ತನ್ನ ಮುಂದೆ ತಲೆಬಾಗಲೆಂದಲ್ಲ. ಸಭೆಯ ನಿಯಮಗಳುಳ್ಳ ಶಾಲೆಯಲ್ಲಿ ಶಿಸ್ತಿಲ್ಲವೆಂಬುದೂ ಸರಿಯಲ್ಲ. ತಾನೇ ಕೈಯೆತ್ತಿ ಒಪ್ಪಿದ ನಿಯಮವನ್ನು ಮುರಿಯುವುದು ಮಗುವಿಗೆ ಹೆಚ್ಚು ಕಷ್ಟ.

1999ರಲ್ಲಿ ಬ್ರಿಟಿಷ್ ಸರಕಾರದ ತನಿಖಾಧಿಕಾರಿಗಳು ಸಮ್ಮರ್‌ಹಿಲ್ ಶಾಲೆಯನ್ನು ಆಕ್ಷೇಪಿಸಿದಾಗ ವಿವಾದ ನ್ಯಾಯಮಂಡಲಿಯ ಮುಂದೆ ಹೋಯಿತು. 2000ದ ಮಾರ್ಚಿಯಲ್ಲಿ ಸರಕಾರ ರಾಜಿಗೆ ಬಂದಿತು. ರಾಜಿಯನ್ನು ಒಪ್ಪಬೇಕೋ ಬೇಡವೋ ಎಂಬುದನ್ನು ಆ ಶಾಲೆಯ ಮಕ್ಕಳು ನ್ಯಾಯಾಲಯದ ಕೊಠಡಿಯಲ್ಲಿಯೇ ಸಭೆ ನಡೆಯಿಸಿ, ಚರ್ಚಿಸಿ, ಮತದಿಂದ ತೀರ್ಮಾನಿಸಿದರು. ತಮ್ಮ ಶಾಲೆಯ ಅಳಿವು-ಉಳಿವಿನ ಗಳಿಗೆಯಲ್ಲಿಯೂ ಸಭೆಯ ಕಟ್ಟಳೆಯನ್ನು ಮರೆಯದ ಮಕ್ಕಳನ್ನು ಶಿಸ್ತಿಲ್ಲದವರೆಂದು ಕರೆಯುವುದು ಕಷ್ಟ.

ಮನೆತನದ ಹೊಣೆ

ಹೊಸದಾಗಿ ಇಂಥ ಶಾಲೆಗೆ ಬರುವ ಕುಟುಂಬ ತನ್ನ ಕೆಲವು ಹಳೆಯ ರೂಢಿಗಳನ್ನು ಹೊಸ್ತಿಲಾಚೆ ಬಿಡಬೇಕಾಗುತ್ತದೆ. ಶರಣರ ಚರಿತ್ರೆಯಲ್ಲಿ ಇದಕ್ಕೊಂದು ಮಹಾನಿದರ್ಶನವಿದೆ. ಕಾಶ್ಮೀರದ ಅರಸನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆ ಹೊತ್ತು ಮಾರುವ ಕಾಯಕವನ್ನು ಕೈಕೊಂಡನು. ಕಲಿಯುವವರ ಕೂಟಕ್ಕೆ ಸೇರಿದ ಮೇಲೆ ಸಿಂಹಾಸನದ ನೆನಪು ಅಡ್ಡ ಬರಬಾರದೆಂಬುದನ್ನು ಆ ದಂಪತಿಗಳು ನಡೆದು ತೋರಿಸಿದರು. ಅದೇ ಕೂಟದಲ್ಲಿ ಆಯ್ದಕ್ಕಿ ಲಕ್ಕಮ್ಮ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿದ್ದಿದಳು. ತಿದ್ದುವ ಅಧಿಕಾರ ಅಲ್ಲಿ ವಯಸ್ಸಿಗೂ ಗಂಡಸುತನಕ್ಕೂ ಮೀಸಲಾಗಿರಲಿಲ್ಲ.

ಇಂದಿನ ಪಾಲಕರಿಂದ ಬಯಸುವುದು ಇಷ್ಟು ದೊಡ್ಡ ತ್ಯಾಗವಲ್ಲ. ಮೊದಲ ಆರು ತಿಂಗಳು ತಾಳ್ಮೆ ಬೇಕು. ‘ಇವತ್ತು ಎಷ್ಟು ಅಂಕ?’ ಎಂಬ ಪ್ರಶ್ನೆಯ ಬದಲು ‘ಇವತ್ತು ಯಾರಿಗೆ ಏನು ಹೇಳಿಕೊಟ್ಟೆ?’ ಎಂಬ ಪ್ರಶ್ನೆ ಬರಬೇಕು. ಪಕ್ಕದ ಮನೆಯ ಮಗುವಿನೊಡನೆ ಹೋಲಿಕೆ ಸಲ್ಲದು. ಶಾಲೆಯಲ್ಲಿ ಸ್ವಂತ ವೇಗ, ಸಂಜೆ ಟ್ಯೂಷನ್ನಿನಲ್ಲಿ ಬೆತ್ತ – ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟರೆ ಮಗು ನಡುನೀರಿನಲ್ಲಿ ಬೀಳುತ್ತದೆ. ಶಾಲೆಯಲ್ಲಿ ಮಾತಾಡಲು ಕಲಿತ ಮಗು ಮನೆಯಲ್ಲಿಯೂ ‘ಯಾಕೆ?’ ಎಂದು ಕೇಳುತ್ತದೆ. ಅದನ್ನು ಎದುರುತ್ತರವೆಂದು ಗದರಿಸಿದರೆ ಶಾಲೆ ಬಿತ್ತಿದ್ದನ್ನು ಮನೆ ಕಿತ್ತಂತಾಗುತ್ತದೆ. ಜೋಳದ ಹೊಲದಲ್ಲಿ ಬಿತ್ತಿದ ಬೀಜವನ್ನು ದಿನವೂ ಕೆದಕಿ ನೋಡುವ ರೈತನಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಆ ಬುದ್ಧಿ ನಮಗೆ ಹೊಳೆಯುವುದಿಲ್ಲ.

ತಾಳ್ಮೆಯೆಂದರೆ ಕೈಕಟ್ಟಿ ಕೂಡುವುದೂ ಅಲ್ಲ. 2001ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚಿತವಾದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪಾಲಕರೂ, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ವಿಧಿಸಿತು. ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯು ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು ಮಗುವಿಗಿದೆ ಎನ್ನುತ್ತದೆ. ಕಾಯಿದೆ ಕುರ್ಚಿಯನ್ನು ಕೊಟ್ಟಿದೆ. ಅದರಲ್ಲಿ ಕುಳಿತು ಮಾತಾಡಬೇಕಾದವರು ಪಾಲಕರು. ಸಭೆಗೆ ಬಂದು ಹಾಜರಿ ವಹಿಗೆ ಹೆಬ್ಬೆಟ್ಟು ಒತ್ತಿ ಹೋಗುವ ತಾಯಿ, ಒಂದು ದಿನ ಎದ್ದುನಿಂತು ‘ನನ್ನ ಮಗಳಿಗೆ ಈ ಕಾರ್ಡು ತಿಳಿಯವಲ್ದು, ಇನ್ನೊಂದು ಸಲ ಹೇಳ್ರಿ’ ಎಂದರೆ, ಅಂದಿಗೆ ಆ ಶಾಲೆ ನಿಜವಾಗಿ ಪ್ರಜಾಸತ್ತೆಯ ಶಾಲೆ.

ಶಿಕ್ಷಕರಿಗೂ ದಾನಿಗಳಿಗೂ ಇಲ್ಲೊಂದು ಮಾತು ಉಳಿಯುತ್ತದೆ. ಕಟ್ಟಡಕ್ಕೆ ಕೊಟ್ಟ ಹಣದ ಲೆಕ್ಕ ಶಿಲಾಫಲಕದಲ್ಲಿ ಕಾಣುತ್ತದೆ. ಒಂದು ಕೊಠಡಿಯ ಕಪಾಟಿಗೆ, ಕಥೆಪುಸ್ತಕಕ್ಕೆ, ಮಕ್ಕಳು ಕುಳಿತುಕೊಳ್ಳುವ ಜಮಖಾನೆಗೆ ಕೊಟ್ಟುದು ಅಲ್ಲಿ ಕಾಣದು. ಆದರೆ ತಾನೇ ಪುಸ್ತಕವನ್ನು ಆರಿಸಿ, ತಾನೇ ಓದಿ, ಇನ್ನೊಬ್ಬನಿಗೆ ಹೇಳುವ ಮಗು ಬೆಳೆಯುವುದು ಅಂಥ ಕೊಡುಗೆಗಳಿಂದಲೇ. ಓದಿ ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರಾದವರೆಂದು ಕನ್ನಡ ಜನರನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಹೊಗಳಿತು. ಆ ಸಹಜಶಕ್ತಿ ಇಂದಿನ ಮಕ್ಕಳಲ್ಲಿ ಬತ್ತಿಲ್ಲ. ಶಾಲೆ ಅದಕ್ಕೆ ಎಡೆಗೊಡಬೇಕು, ಮನೆ ಅದನ್ನು ನಂಬಬೇಕು. ಆಗ ‘ಶಿಕ್ಷೆ’ ಎಂಬ ಶಬ್ದ ತನ್ನ ಕಳೆದುಹೋದ ಅರ್ಥವನ್ನು ಮರಳಿ ಪಡೆಯಲು ನಿಘಂಟುಕಾರರ ಅಪ್ಪಣೆಗಾಗಿ ಕಾಯಬೇಕಾಗುವುದಿಲ್ಲ.